ಏಟು ಬೀಳುವ ಮುಂಚೆ: ‘ಫಿಸ್ಟ್ ಆಫ್ ಫ್ಯೂರಿ’ ನೋಡಲು ಹೊರಟವರಿಗೆ

ಕುಂಗ್‌ಫು ಚಿತ್ರಗಳನ್ನು ಇದುವರೆಗೆ ನೋಡದವರು, ನೋಡಿಯೂ ಬರೀ ಹೊಡೆದಾಟ ಎಂದು ಬದಿಗಿಟ್ಟವರು ಎಲ್ಲಿಂದ ಶುರುಮಾಡಲಿ ಎಂದು ಕೇಳಿದಾಗ ನಾನು ಹೇಳುವುದು ಒಂದೇ ಹೆಸರು. 1972ರ ಮಾರ್ಚ್‌ನಲ್ಲಿ ಹಾಂಗ್‌ಕಾಂಗ್‌ನಲ್ಲಿ ತೆರೆಕಂಡ ‘ಫಿಸ್ಟ್ ಆಫ್ ಫ್ಯೂರಿ’. ಬ್ರೂಸ್ ಲೀ ಎಂದ ಕೂಡಲೇ ಹೆಚ್ಚಿನವರಿಗೆ ನೆನಪಾಗುವುದು ‘ಎಂಟರ್ ದಿ ಡ್ರ್ಯಾಗನ್’. ಅದು ಹಾಲಿವುಡ್ ಹಣದಲ್ಲಿ ತಯಾರಾದದ್ದು, ನೋಡುವುದಕ್ಕೂ ಸೊಗಸು. ಆದರೆ ಆ ಹೊತ್ತಿಗೆ ಲೀ ಏಷ್ಯಾದ ದೊಡ್ಡ ತಾರೆಯಾಗಿಬಿಟ್ಟಿದ್ದರು. ಒಬ್ಬ ನಟ ತಾರೆಯಾಗುತ್ತಿರುವುದನ್ನೇ ಕಣ್ಣಾರೆ ನೋಡಬೇಕೆಂದರೆ ಈ ಹಿಂದಿನ ಚಿತ್ರಕ್ಕೆ ಬರಬೇಕು. ಸೇಡಿನ ಕಥೆಯೊಂದು ಹೇಗೆ ಕಟ್ಟಿಕೊಳ್ಳುತ್ತದೆ ಎಂಬುದನ್ನು ಕಲಿಯಲಿಕ್ಕೂ ಇಷ್ಟು ಸ್ಪಷ್ಟವಾದ ಪಾಠ ಮತ್ತೊಂದಿಲ್ಲ.

ಶುರುಮಾಡುವ ಮುನ್ನ ನಿಮ್ಮಲ್ಲಿ ಒಂದೇ ಒಂದು ಕೋರಿಕೆ. ಏಟುಗಳನ್ನು ಎಣಿಸಬೇಡಿ. ಏಟು ಬೀಳುವ ಮುಂಚೆ ಏನಾಗುತ್ತಿದೆ ನೋಡಿ. ಕೈ ಎಷ್ಟು ಹೊತ್ತು ತಡೆದು ನಿಂತಿತು, ಯಾರು ತಡೆದರು, ಯಾವ ಮಾತಿಗೆ ಆ ತಡೆ ಒಡೆಯಿತು, ಒಡೆದದ್ದಕ್ಕೆ ಬೆಲೆ ತೆತ್ತವರು ಯಾರು. ಒಳ್ಳೆಯ ಸೇಡಿನ ಚಿತ್ರದ ಕಥೆಯೆಲ್ಲ ಇಷ್ಟರಲ್ಲೇ ಇರುತ್ತದೆ.

ಕಥೆ ನಡೆಯುವುದು ಇಪ್ಪತ್ತನೆಯ ಶತಮಾನದ ಆರಂಭದ ಶಾಂಘೈನಲ್ಲಿ. ಊರು ಚೀನಾದ್ದು, ಆದರೆ ಅದರ ದೊಡ್ಡ ಭಾಗದಲ್ಲಿ ವಿದೇಶಿಯರ ಆಡಳಿತ. ಅಲ್ಲಿ ಜಿಂಗ್‌ವು ಎಂಬ ಗರಡಿ. ಅದರ ಗುರು ಹುವೋ ಯುವಾನ್‌ಜಿಯಾ ತೀರಿಕೊಂಡಿದ್ದಾರೆ. ಪರವೂರಿನಲ್ಲಿದ್ದ ಶಿಷ್ಯ ಚೆನ್ ಜೆನ್ ಸುದ್ದಿ ತಿಳಿದು ಧಾವಿಸಿ ಬರುತ್ತಾನೆ. ಇವರಲ್ಲಿ ಹುವೋ ನಿಜವಾಗಿ ಬದುಕಿದ್ದ ವ್ಯಕ್ತಿ. ಜಿಂಗ್‌ವು ಸಂಸ್ಥೆಯೂ ನಿಜ, ಅದು ಹುಟ್ಟಿದ್ದು 1910ರಲ್ಲಿ. ಅದೇ ವರ್ಷ ಹುವೋ ತೀರಿಕೊಂಡರು. ಜಪಾನಿಯರು ವಿಷ ಹಾಕಿಸಿದರು ಎಂಬ ಮಾತು ಆಗಲೇ ಹಬ್ಬಿ ಜನರ ಬಾಯಲ್ಲಿ ಉಳಿದುಕೊಂಡಿತು. ಚೆನ್ ಜೆನ್ ಮಾತ್ರ ಪೂರ್ತಿ ಕಲ್ಪನೆ, ಚಿತ್ರಕ್ಕಾಗಿಯೇ ಹುಟ್ಟಿಸಿದ ಪಾತ್ರ. ಒಂದು ವದಂತಿಯ ನೆಲದ ಮೇಲೆ ಒಬ್ಬ ಕಲ್ಪಿತ ಶಿಷ್ಯನನ್ನು ನಿಲ್ಲಿಸಿ ಕಥೆಗಾರರು ಎಲ್ಲರ ಸಿಟ್ಟನ್ನೂ ಅವನ ಮೈಗೆ ಹಚ್ಚಿದ್ದಾರೆ. ಇಂದು ಎಷ್ಟೋ ಜನ ಚೆನ್ ಜೆನ್‌ನನ್ನೂ ಚರಿತ್ರೆಯ ವ್ಯಕ್ತಿಯೆಂದೇ ನಂಬಿದ್ದಾರೆ. ಆ ಪಾತ್ರ ಅಷ್ಟು ಗಟ್ಟಿಯಾಗಿ ಬೇರೂರಿತು.

ಮೊದಲ ದೃಶ್ಯವನ್ನು ಗಮನವಿಟ್ಟು ನೋಡಿ. ಮಳೆ. ಗುಂಡಿಯೊಳಗೆ ಶವಪೆಟ್ಟಿಗೆ ಇಳಿದಿದೆ, ಮಣ್ಣು ಮುಚ್ಚುತ್ತಿದ್ದಾರೆ. ಬಿಳಿ ಬಟ್ಟೆಯ ಚೆನ್ ಓಡಿಬಂದು ಗುಂಡಿಗೇ ಹಾರುತ್ತಾನೆ, ಮಣ್ಣನ್ನು ಬರಿಗೈಯಲ್ಲಿ ಬಗೆಯುತ್ತಾನೆ. ಯಾರೂ ಅವನನ್ನು ಹಿಡಿದು ನಿಲ್ಲಿಸಲಾರರು. ಕೊನೆಗೆ ಸಲಿಕೆಯಿಂದ ತಲೆಗೆ ಹೊಡೆದು ಪ್ರಜ್ಞೆ ತಪ್ಪಿಸಬೇಕಾಗುತ್ತದೆ. ಹೀಗೆ ಈ ಸಾಹಸಚಿತ್ರದ ನಾಯಕನಿಗೆ ಬೀಳುವ ಮೊದಲ ಏಟು ಅವನ ಸ್ವಂತದವರದ್ದೇ, ಅವನ ದುಃಖವನ್ನು ತಡೆಯಲಿಕ್ಕೆ. ಮುಂದಿನ ಒಂದೂವರೆ ಗಂಟೆ ಇದೇ ನಡೆಯುತ್ತದೆ. ಚೆನ್ ನುಗ್ಗುತ್ತಾನೆ, ಅವನವರು ಹಿಡಿದೆಳೆಯುತ್ತಾರೆ.

ಎರಡನೆಯ ಪಾಠ ಶ್ರದ್ಧಾಂಜಲಿ ಸಭೆಯಲ್ಲಿದೆ. ಗುರುವಿನ ಪಟಕ್ಕೆ ಎಲ್ಲರೂ ನಮಸ್ಕರಿಸುತ್ತಿರುವಾಗ ಡೋಜೋದಿಂದ, ಅಂದರೆ ಜಪಾನಿಯರ ಗರಡಿಯಿಂದ, ಉಡುಗೊರೆ ಬರುತ್ತದೆ. ಕಟ್ಟು ಹಾಕಿಸಿದ ಬರಹ. ಅದರಲ್ಲಿರುವುದು ‘ಪೂರ್ವ ಏಷ್ಯಾದ ರೋಗಿ’ ಎಂಬ ಮಾತು. 1895ರಲ್ಲಿ ಜಪಾನಿನ ಕೈಯಲ್ಲಿ ಸೋತ ಮೇಲೆ ಚೀನಾದ ಬೆನ್ನಿಗೆ ಅಂಟಿದ ಬಿರುದು ಅದು. ಜತೆಗೆ ಬಂದ ದುಭಾಷಿ ವೂ ಚೀನೀಯನೇ, ಜಪಾನಿಯರ ಸೇವೆಯಲ್ಲಿರುವವನು. ಅವನು ಶಿಷ್ಯರ ಮುಖಕ್ಕೆ ಮುಖ ತಂದು ಕೆಣಕುತ್ತಾನೆ. ಹೊಡೆದಾಟ ಬೇಡವೆಂಬುದು ಗುರುವಿನ ಪಾಠ ಎಂದು ಹಿರಿಯ ಶಿಷ್ಯ ತಡೆದಿದ್ದಾನೆ. ಕ್ಯಾಮೆರಾ ಬ್ರೂಸ್ ಲೀ ಮುಖದ ಮೇಲೆ ನಿಲ್ಲುತ್ತದೆ. ದವಡೆ ಬಿಗಿಯುತ್ತದೆ, ಮುಷ್ಟಿ ಕಟ್ಟುತ್ತದೆ, ಕಣ್ಣು ತುಂಬುತ್ತದೆ. ಒಂದು ಏಟೂ ಬೀಳುವುದಿಲ್ಲ. ಇಡೀ ಚಿತ್ರದಲ್ಲಿ ನಟನಾಗಿ ಲೀ ಗೆದ್ದದ್ದು ಇಲ್ಲಿ ಎಂದು ನನ್ನ ಅಭಿಪ್ರಾಯ. ಮುಂದೆ ಅವರು ಹತ್ತಾರು ಜನರನ್ನು ಉರುಳಿಸಿದಾಗ ನಮಗೆ ರೋಮಾಂಚನವಾಗುವುದು ಈ ಕೆಲವು ಕ್ಷಣಗಳನ್ನು ನಾವೂ ಹಲ್ಲುಕಚ್ಚಿ ಸಹಿಸಿರುವುದರಿಂದ.

ಆಮೇಲೆ ಬರುವುದೇ ಆ ಡೋಜೋ ಕಾಳಗ. ಚೆನ್ ಕಟ್ಟನ್ನು ಕಂಕುಳಲ್ಲಿಟ್ಟುಕೊಂಡು ಒಬ್ಬನೇ ಹೋಗುತ್ತಾನೆ, ವಾಪಸು ಕೊಡಲು ಬಂದಿದ್ದೇನೆ ಎನ್ನುತ್ತಾನೆ. ಅವರು ನಗುತ್ತಾರೆ. ಸುತ್ತುವರಿಯುತ್ತಾರೆ. ಇಲ್ಲಿ ಕ್ಯಾಮೆರಾ ಎಲ್ಲಿದೆ ಎಂದು ನೋಡುವುದನ್ನು ರೂಢಿಮಾಡಿಕೊಳ್ಳಿ. ಅದು ದೂರ ಸರಿದು ನಿಂತಿದೆ. ತಲೆಯಿಂದ ಕಾಲಿನವರೆಗೆ ಇಡೀ ಮೈ ಚೌಕಟ್ಟಿನಲ್ಲಿದೆ. ಒಮ್ಮೆ ಮೇಲಿನಿಂದಲೂ ನೋಡುತ್ತದೆ, ಆಗ ನಡುವೆ ಒಬ್ಬ, ಸುತ್ತ ಬಿಳಿ ಉಡುಪಿನವರ ಬಳೆ. ನಮ್ಮ ಇಂದಿನ ಎಷ್ಟೋ ಚಿತ್ರಗಳಲ್ಲಿ ಫೈಟ್ ಎಂದರೆ ಕಣ್ಣು ಮಿಟುಕಿಸುವುದರೊಳಗೆ ಐದಾರು ಕಟ್. ಕೈ ಯಾರದ್ದು, ಕಾಲು ಯಾರದ್ದು ತಿಳಿಯುವುದೇ ಇಲ್ಲ. ನಾಯಕನಿಗೆ ಫೈಟ್ ಬಾರದಿದ್ದರೆ ಅದು ಅನಿವಾರ್ಯ. ಬರುವವನಿದ್ದಾಗ ಕ್ಯಾಮೆರಾ ಸುಮ್ಮನೆ ನಿಂತರೆ ಸಾಕು. ಲೀ ಎಷ್ಟು ವೇಗದವರೆಂದರೆ ಅಮೆರಿಕದ ಟೆಲಿವಿಷನ್‌ನಲ್ಲಿ ಅಭಿನಯಿಸುವಾಗ ಕ್ಯಾಮೆರಾಕ್ಕೆ ಕಾಣುವಂತೆ ನಿಧಾನ ಮಾಡಿ ಎಂದು ಹೇಳಿಸಿಕೊಂಡವರು. ಡೋಜೋದಲ್ಲಿ ಕೊನೆಗೆ ಚೆನ್ ಆ ಬರಹ ತಂದಿದ್ದ ಇಬ್ಬರ ಬಾಯಿಗೇ ಕಾಗದವನ್ನು ತುರುಕಿ ತಿನ್ನಿಸಿ, ಈ ಸಲ ಕಾಗದ, ಮುಂದಿನ ಸಲ ಗಾಜು ಎಂದು ಎಚ್ಚರಿಸಿ ಹೊರಡುತ್ತಾನೆ. ನುಂಚಾಕು ಎಂಬ ಆಯುಧ, ಸರಪಳಿಯಿಂದ ಜೋಡಿಸಿದ ಆ ಎರಡು ದೊಣ್ಣೆ, ಲೀ ಕೈಯಲ್ಲಿ ಬೆಳ್ಳಿತೆರೆಯ ಮೇಲೆ ಲೋಕಪ್ರಸಿದ್ಧವಾಗಲು ಶುರುವಾದದ್ದೂ ಈ ಚಿತ್ರದಿಂದ. ಅವರ ಹೆಸರಿನೊಂದಿಗೇ ಬೆಸೆದಿರುವ ಆ ಕಿರುಚು ಪೂರ್ಣ ರೂಪ ಪಡೆದದ್ದೂ ಇಲ್ಲೇ.

ಇಷ್ಟಾದ ಮೇಲೆ ಉದ್ಯಾನದ ಬಾಗಿಲ ದೃಶ್ಯ. ನಾಯಿಗಳಿಗೂ ಚೀನೀಯರಿಗೂ ಪ್ರವೇಶವಿಲ್ಲ ಎಂಬ ಫಲಕ. ತಲೆಗೆ ಪೇಟ ಸುತ್ತಿದ ಸಿಖ್ ಕಾವಲುಗಾರ ಚೆನ್‌ನನ್ನು ತಡೆಯುತ್ತಾನೆ. ಅದೇ ಹೊತ್ತಿಗೆ ವಿದೇಶಿ ಹೆಂಗಸೊಬ್ಬಳು ನಾಯಿಯೊಂದಿಗೆ ಒಳಗೆ ಹೋಗುತ್ತಾಳೆ. ಭಾರತೀಯ ಪ್ರೇಕ್ಷಕರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಆ ಕಾವಲುಗಾರ ಕಥೆಗಾರನ ಕಲ್ಪನೆಯಲ್ಲ. ಶಾಂಘೈನ ವಿದೇಶಿ ವಸಾಹತಿನ ಪೊಲೀಸ್ ಪಡೆಗೆ ಬ್ರಿಟಿಷರು ಪಂಜಾಬಿನಿಂದ ಸಿಖ್ಖರನ್ನು ಕರೆಸಿಕೊಂಡಿದ್ದರು. ಒಂದು ನಾಡಿನವರನ್ನು ಆಳುವ ಬಾಗಿಲಿಗೆ ಇನ್ನೊಂದು ಆಳಿಸಿಕೊಂಡ ನಾಡಿನವನನ್ನು ನಿಲ್ಲಿಸುವುದು ಸಾಮ್ರಾಜ್ಯದ ಹಳೆಯ ರೀತಿ. ಚೆನ್‌ನ ಕಣ್ಣಿಗೆ ಅವನು ಶತ್ರು. ನಮಗೆ ಅವನೂ ಹೊಟ್ಟೆಪಾಡಿಗಾಗಿ ಸಮುದ್ರ ದಾಟಿ ಹೋದ ನಮ್ಮವನು. ಫಲಕದ ವಿಷಯಕ್ಕೆ ಬಂದರೆ, ಹುವಾಂಗ್‌ಪು ಉದ್ಯಾನದ ನಿಯಮಪಟ್ಟಿಯಲ್ಲಿ ಉದ್ಯಾನ ವಿದೇಶಿ ಸಮುದಾಯಕ್ಕೆ ಮೀಸಲೆಂಬುದೂ ನಾಯಿ ಮತ್ತು ಸೈಕಲ್‌ಗಳಿಗೆ ಪ್ರವೇಶವಿಲ್ಲವೆಂಬುದೂ ಬೇರೆ ಬೇರೆ ಸಾಲುಗಳಾಗಿದ್ದವು. ಅವೆರಡೂ ಜನರ ನೆನಪಿನಲ್ಲಿ ಸೇರಿ ಒಂದೇ ಅವಮಾನವಾದವು. ಚೀನೀಯರಿಗೆ ಆ ಬಾಗಿಲು ತೆರೆದದ್ದು 1928ರಲ್ಲಿ. ಚಿತ್ರದಲ್ಲಿ ಚೆನ್ ಫಲಕವನ್ನು ಗಾಳಿಗೆ ಹಾರಿಸಿ ಒದ್ದು ಚೂರುಮಾಡುತ್ತಾನೆ. 1972ರ ಚಿತ್ರಮಂದಿರಗಳು ಇಲ್ಲಿ ಹುಚ್ಚೆದ್ದವು.

ಏಕೆ ಹುಚ್ಚೆದ್ದವು ಎಂಬುದಕ್ಕೆ ಆ ಕಾಲದ ಹಾಂಗ್‌ಕಾಂಗ್ ಗೊತ್ತಿರಬೇಕು. ಅದು ಇನ್ನೂ ಬ್ರಿಟಿಷ್ ವಸಾಹತು. ಅದಕ್ಕೂ ಮೊದಲು, 1941ರ ಡಿಸೆಂಬರ್‌ನಿಂದ 1945ರ ಆಗಸ್ಟ್‌ವರೆಗೆ, ಜಪಾನಿ ಸೇನೆಯ ಹಿಡಿತದಲ್ಲಿ ನರಳಿದ ಊರು. ಥೇಟರಿನಲ್ಲಿ ಕೂತ ನಡುವಯಸ್ಸಿನವರಿಗೆ ಅದು ಪುಸ್ತಕದ ಚರಿತ್ರೆಯಲ್ಲ, ಬಾಲ್ಯದ ಹಸಿವು. ಚಿತ್ರ ಬರುವ ಹಿಂದಿನ ವರ್ಷವಷ್ಟೇ ಡಿಯಾವ್‌ಯು ದ್ವೀಪಗಳು ಯಾರವು ಎಂಬ ತಕರಾರಿಗೆ ವಿದ್ಯಾರ್ಥಿಗಳು ಜಪಾನ್ ವಿರುದ್ಧ ಬೀದಿಗಿಳಿದಿದ್ದರು. ಆ ಸಿಟ್ಟಿಗೆ ಒಂದು ಮೈ ಬೇಕಿತ್ತು.

ಆ ಮೈ ಒದಗಿಸಿದವರಿಗೆ ಆಗ 31 ವರ್ಷ, ಬೆನ್ನ ಹಿಂದೆ ಸೋಲುಗಳ ಸಾಲು. ಬ್ರೂಸ್ ಲೀ 1940ರ ನವೆಂಬರ್ 27ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದರು. ತಂದೆ ಕ್ಯಾಂಟನೀಸ್ ಸಂಗೀತ ನಾಟಕದ ನಟ; ಊರೂರು ಪ್ರದರ್ಶನಕ್ಕೆ ಅಮೆರಿಕಕ್ಕೆ ಹೋಗಿದ್ದಾಗ ಹುಟ್ಟಿದ ಮಗು. ಬೆಳೆದದ್ದು ಹಾಂಗ್‌ಕಾಂಗ್‌ನಲ್ಲಿ, ಬಾಲನಟನಾಗಿ ಹಲವು ಚಿತ್ರಗಳಲ್ಲಿ. ಇಪ್ ಮ್ಯಾನ್ ಅವರ ಬಳಿ ವಿಂಗ್ ಚುನ್ ಕಲಿತರು. 1958ರಲ್ಲಿ ಚಾ-ಚಾ ನೃತ್ಯದ ಸ್ಪರ್ಧೆಯಲ್ಲೂ ಗೆದ್ದರು. ಅವರ ಕಾಲುಗಳ ಲಯ ನೋಡುವಾಗ ಈ ನೃತ್ಯವನ್ನು ಮರೆಯಬೇಡಿ. 18ನೆಯ ವಯಸ್ಸಿನಲ್ಲಿ ಅಮೆರಿಕಕ್ಕೆ ಮರಳಿ ಅಲ್ಲಿ ಕುಂಗ್‌ಫು ಕಲಿಸಿದರು. 1966ರಲ್ಲಿ ‘ದಿ ಗ್ರೀನ್ ಹಾರ್ನೆಟ್’ ಧಾರಾವಾಹಿಯಲ್ಲಿ ನಾಯಕನ ಜತೆಗಾರ ಕೇಟೋ ಆದರು. ಒಂದೇ ವರ್ಷದಲ್ಲಿ ಅದು ನಿಂತಿತು. ಆಮೇಲೆ ಚಿಕ್ಕಪುಟ್ಟ ಪಾತ್ರಗಳು, ಹಾಲಿವುಡ್ ತಾರೆಯರಿಗೆ ಪಾಠ. 1970ರಲ್ಲಿ ವ್ಯಾಯಾಮದ ವೇಳೆ ಬೆನ್ನಿಗೆ ಪೆಟ್ಟಾಗಿ ತಿಂಗಳುಗಟ್ಟಲೆ ಹಾಸಿಗೆ ಹಿಡಿದರು. ಚೀನೀ ಮುಖದ ನಾಯಕನನ್ನು ಅಮೆರಿಕದ ಜನ ಒಪ್ಪಲಾರರು ಎಂಬುದು ಅಲ್ಲಿನ ನಿರ್ಮಾಪಕರ ಲೆಕ್ಕ.

ಇತ್ತ ಹಾಂಗ್‌ಕಾಂಗ್‌ನಲ್ಲಿ ಆ ಹಳೆಯ ಧಾರಾವಾಹಿಯನ್ನು ಜನ ‘ಕೇಟೋ ಶೋ’ ಎಂದೇ ಕರೆಯುತ್ತಿದ್ದರು. ಅಲ್ಲಿನ ಚಿತ್ರರಂಗದ ದೊರೆಗಳಾದ ಶಾ ಬ್ರದರ್ಸ್ ಲೀಗೆ ಕೊಡಲು ಮುಂದಾದದ್ದು ಹೊಸಬರಿಗೆ ಕೊಡುವ ಮಾಮೂಲಿ ಕರಾರು. ಆ ಸಂಸ್ಥೆಯಿಂದ ಹೊರಬಂದು ಗೋಲ್ಡನ್ ಹಾರ್ವೆಸ್ಟ್ ಕಟ್ಟಿದ್ದ ರೇಮಂಡ್ ಚೌ ಎರಡು ಚಿತ್ರಗಳಿಗೆ 15,000 ಡಾಲರ್ ಎಂದರು. ಅವುಗಳಲ್ಲಿ ಮೊದಲನೆಯದು ‘ದಿ ಬಿಗ್ ಬಾಸ್’, ಚಿತ್ರೀಕರಣ ಥಾಯ್ಲೆಂಡಿನ ಪಾಕ್ ಚೋಂಗ್ ಎಂಬ ಊರಿನಲ್ಲಿ. 1971ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾಗಿ ಗಳಿಕೆಯಲ್ಲಿ ‘ದಿ ಸೌಂಡ್ ಆಫ್ ಮ್ಯೂಸಿಕ್’ ಹೆಸರಲ್ಲಿದ್ದ ದಾಖಲೆಯನ್ನು ಮುರಿಯಿತು. ಅದರಲ್ಲಿ ನಾಯಕ ಹೊಡೆದಾಡುವುದಿಲ್ಲವೆಂದು ತಾಯಿಗೆ ಮಾತು ಕೊಟ್ಟಿರುತ್ತಾನೆ; ಚಿತ್ರದ ಅರ್ಧ ಹತ್ತಿರವಾಗುವವರೆಗೆ ಕೈಕಟ್ಟಿ ನಿಲ್ಲುತ್ತಾನೆ. ತಡೆದಷ್ಟೂ ಪ್ರೇಕ್ಷಕನೊಳಗೆ ಒತ್ತಡ ಏರುತ್ತದೆ ಎಂಬುದನ್ನು ಲೀ ಅಲ್ಲಿ ಕಂಡುಕೊಂಡರು. ಎರಡನೆಯದೇ ನಮ್ಮ ಚಿತ್ರ. ಅದು 40 ಲಕ್ಷ ಹಾಂಗ್‌ಕಾಂಗ್ ಡಾಲರ್ ದಾಟಿ ಮೊದಲನೆಯದರ ದಾಖಲೆಯನ್ನೂ ಅಳಿಸಿತು. ಎರಡನ್ನೂ ನಿರ್ದೇಶಿಸಿದವರು ಲೋ ವೇಯ್. ‘ಫಿಸ್ಟ್ ಆಫ್ ಫ್ಯೂರಿ’ಯಲ್ಲಿ ಅವರೇ ಪೊಲೀಸ್ ಇನ್ಸ್‌ಪೆಕ್ಟರ್ ಆಗಿಯೂ ಕಾಣಿಸಿಕೊಳ್ಳುತ್ತಾರೆ.

ಮತ್ತೆ ಕಥೆಗೆ. ಚೆನ್ ಡೋಜೋಗೆ ಹೋಗಿ ಗೆದ್ದುಬಂದದ್ದಕ್ಕೆ ಏಟು ತಿಂದವರು ಯಾರು? ಗರಡಿಯವರು. ಅವನಿಲ್ಲದಾಗ ಜಪಾನಿಯರು ನುಗ್ಗಿ ಗುರುವಿನ ಪಟದ ಮುಂದೆಯೇ ಎಲ್ಲವನ್ನೂ ಪುಡಿಮಾಡುತ್ತಾರೆ. ಕೊಂಚ ತಣ್ಣಗಾದ ಚೆನ್ ಊರು ಬಿಡಲು ಒಪ್ಪುತ್ತಾನೆ. ಆದರೆ ಅದೇ ರಾತ್ರಿ ಗರಡಿಯ ಅಡುಗೆಯವನೂ ಇನ್ನೊಬ್ಬನೂ ಆಡುವ ಮಾತು ಅವನ ಕಿವಿಗೆ ಬೀಳುತ್ತದೆ. ಗುರುವಿಗೆ ವಿಷವಿಟ್ಟವರು ಅವರೇ, ಹಿಂದಿರುವುದು ಡೋಜೋದ ಮುಖ್ಯಸ್ಥ ಸುಜುಕಿ. ಗುರುವನ್ನು ಏಕೆ ಕೊಂದೆ ಎಂದು ಕೇಳುತ್ತಲೇ ಚೆನ್ ಗುದ್ದುತ್ತಾನೆ, ಉತ್ತರ ಬರುವ ಮೊದಲೇ ಆ ಮನುಷ್ಯ ಸತ್ತಿರುತ್ತಾನೆ. ಹೊಸಬರು ಈ ದೃಶ್ಯವನ್ನು ಗೆಲುವಿನ ದೃಶ್ಯವೆಂದು ನೋಡಬಾರದು. ಲೀ ಮುಖ ನೋಡಿ. ಅಲ್ಲಿ ಸಂತೋಷದ ಸುಳಿವಿಲ್ಲ. ಕೊಲೆಗಾರನಾದೆ, ಇನ್ನು ಹಿಂದಕ್ಕೆ ದಾರಿಯಿಲ್ಲ ಎಂಬುದು ಅವನಿಗೆ ಆ ಕ್ಷಣವೇ ಗೊತ್ತಾಗಿದೆ.

ಮುಂದಿನ ಭಾಗದಲ್ಲಿ ವೇಷಗಳು. ಪತ್ರಿಕೆ ಮಾರುವ ಮುದುಕ, ಟೆಲಿಫೋನ್ ರಿಪೇರಿಯವನು, ರಿಕ್ಷಾ ಎಳೆಯುವವನು. ದುಭಾಷಿ ವೂ ಕುಡಿದು ಹತ್ತಿದ ರಿಕ್ಷಾವನ್ನು ಚೆನ್ ಅವನ ಸಮೇತ ಎತ್ತಿಬಿಡುತ್ತಾನೆ. ಸಮಾಧಿಯ ಬಳಿ ಅಡಗಿದ್ದವನನ್ನು ಪ್ರೇಯಸಿ ಲಿಅರ್ ಹುಡುಕಿ ಬರುವ ಸನ್ನಿವೇಶವೂ ಇದೆ, ಆ ಪಾತ್ರ ನೋರಾ ಮಿಯಾವ್ ಅವರದ್ದು. ಮದುವೆಯ ಕನಸನ್ನು ಇಬ್ಬರೂ ಬಾಯಿಬಿಟ್ಟು ಆಡುತ್ತಾರೆ, ನಡೆಯದೆಂದು ಇಬ್ಬರಿಗೂ ತಿಳಿದಿದೆ. ಈ ಭಾಗ ಸ್ವಲ್ಪ ಸಡಿಲ, ಕತ್ತರಿ ಆಡಿಸಿದ್ದರೆ ಚೆನ್ನಾಗಿತ್ತು ಎನಿಸುತ್ತದೆ. ತಾಳ್ಮೆಯಿಂದ ದಾಟಿ.

ಅಂತಿಮ ಕಾಳಗಗಳಲ್ಲಿ ರಷ್ಯನ್ ಮಲ್ಲ ಪೆಟ್ರೋವ್ ಆಗಿರುವ ರಾಬರ್ಟ್ ಬೇಕರ್ ನಿಜಜೀವನದಲ್ಲಿ ಲೀ ಶಿಷ್ಯರು. ಸುಜುಕಿ ಆಗಿರುವ ರಿಕಿ ಹಾಶಿಮೊಟೊ ಮೊದಲು ಜಪಾನಿನಲ್ಲಿ ವೃತ್ತಿಪರ ಬೇಸ್‌ಬಾಲ್ ಆಟಗಾರರಾಗಿದ್ದವರು. ಚೆನ್ ಕೊನೆಯಲ್ಲಿ ಸುಜುಕಿಯನ್ನು ಒದ್ದಾಗ ಅವನು ಬಾಗಿಲು ಹರಿದುಕೊಂಡು ಅಂಗಳದಾಚೆ ಹಾರಿ ಬೀಳುತ್ತಾನಲ್ಲ, ಆ ಬೀಳುವಿಕೆ ಹಾಶಿಮೊಟೊ ಅವರದ್ದಲ್ಲ. ಡೂಪ್ ಆಗಿ ಬಿದ್ದವನು 17ರ ಹುಡುಗ, ನಾಟಕಶಾಲೆಯ ಕಠಿಣ ಶಿಸ್ತಿನಲ್ಲಿ ಬೆಳೆದು ಚಿಕ್ಕಪುಟ್ಟ ಸಾಹಸಕ್ಕೆ ಸ್ಟುಡಿಯೋಗಳನ್ನು ಅಲೆಯುತ್ತಿದ್ದವನು. ಮುಂದೆ ಅವನನ್ನು ಲೋಕ ಜಾಕಿ ಚಾನ್ ಎಂದು ಕರೆಯಿತು.

ಸುಜುಕಿ ಸತ್ತ ಮೇಲೆ ಸಾಮಾನ್ಯ ಸೇಡಿನ ಚಿತ್ರ ಮುಗಿಯುತ್ತದೆ. ಇದು ಮುಗಿಯುವುದಿಲ್ಲ. ಚೆನ್ ಗರಡಿಗೆ ಮರಳಿದರೆ ಅಂಗಳದ ತುಂಬ ಹೆಣಗಳು. ಅವನು ಅಲ್ಲಿ ಕೊಲ್ಲುತ್ತಿದ್ದ ಹೊತ್ತಿನಲ್ಲೇ ಇಲ್ಲಿ ಅವನವರನ್ನು ಕೊಂದಿದ್ದಾರೆ. ಉಳಿದವರು ಕೆಲವರೇ, ಅವರ ತಲೆಯ ಮೇಲೂ ಕಾನೂನಿನ ಕತ್ತಿ. ಇನ್ಸ್‌ಪೆಕ್ಟರ್ ಬಂದಿದ್ದಾನೆ. ಗರಡಿಯನ್ನು ಉಳಿಸುವ ಮಾತು ಪಡೆದು ಚೆನ್ ಶರಣಾಗುತ್ತಾನೆ. ಹೊರಗೆ ಬಂದೂಕು ಹಿಡಿದ ಸಾಲು. ಅವನು ಕೂಗಿ ಅವರತ್ತ ಹಾರುತ್ತಾನೆ, ಚಿತ್ರ ಗಾಳಿಯಲ್ಲೇ ಸ್ತಬ್ಧವಾಗುತ್ತದೆ, ಗುಂಡಿನ ಸದ್ದು ಮಾತ್ರ ಕೇಳುತ್ತದೆ. ವೀರಮರಣವೆಂದು ಇದನ್ನು ಹಾಡಿಹೊಗಳಿದವರು ಬಹಳ. ನನಗೆ ಇಲ್ಲಿ ಲೆಕ್ಕ ಚುಕ್ತಾ ಆಗುವುದು ಕಾಣುತ್ತದೆ. ಕೊಂದವನು ತಾನೂ ತೆರಬೇಕು ಎಂಬ ನಿಯಮವನ್ನು ನಾಯಕನಿಗೂ ಅನ್ವಯಿಸುವ ಪ್ರಾಮಾಣಿಕತೆಯೇ ಈ ಚಿತ್ರವನ್ನು ಇದರ ನೂರಾರು ನಕಲುಗಳಿಂದ ಬೇರೆಯಾಗಿಸಿದೆ.

ಒಂದು ಕೊರತೆಯನ್ನು ಮುಚ್ಚಿಡದೆ ಹೇಳಬೇಕು. ಇದರಲ್ಲಿನ ಜಪಾನಿಯರು ಮನುಷ್ಯರಲ್ಲ, ಖಳರ ಗೊಂಬೆಗಳು. ಒಬ್ಬನಿಗೂ ಮನಸ್ಸಾಕ್ಷಿಯಿಲ್ಲ. ಗಾಯಗೊಂಡ ಜನಾಂಗವೊಂದು ತನಗಾಗಿ ಹೇಳಿಕೊಂಡ ಕಥೆ ಎಂದು ಅರ್ಥಮಾಡಿಕೊಳ್ಳಬಹುದು. ಆದರೆ ಒಪ್ಪಿಕೊಂಡು ನುಂಗುವ ಅಗತ್ಯವಿಲ್ಲ. ಮೆಚ್ಚುತ್ತಲೇ ಈ ಮಾತಿನಲ್ಲಿ ಎಚ್ಚರವಾಗಿರಿ.

ಈ ಚಿತ್ರದ ನಂತರ ಲೀ ಬದುಕಿದ್ದು ಒಂದೂವರೆ ವರ್ಷಕ್ಕೂ ಕಡಿಮೆ. 1973ರ ಜುಲೈ 20ರಂದು 32ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದ ಜಾಗಕ್ಕೆ ಯಾರಾದರೂ ಬೇಕೆಂದು ನಿರ್ಮಾಪಕರು ಹುಡುಕಿದ ಪರಿ ದುಃಖ ತರಿಸುವಂಥದ್ದು. ಹೆಸರು, ಕೂದಲು, ಕಿರುಚು ಎಲ್ಲ ನಕಲಾದವು. ಲೋ ವೇಯ್ 1976ರಲ್ಲಿ ‘ನ್ಯೂ ಫಿಸ್ಟ್ ಆಫ್ ಫ್ಯೂರಿ’ ಮಾಡಿದರು. ನಾಯಕ, ಅಂದು ಡೂಪ್ ಆಗಿ ಬಿದ್ದಿದ್ದ ಜಾಕಿ ಚಾನ್. ಲೀ ಹಾಗೆ ಹಲ್ಲುಕಚ್ಚು, ಲೀ ಹಾಗೆ ಸಿಡಿ ಎಂದರು. ಚಿತ್ರ ಗೆಲ್ಲಲಿಲ್ಲ. ತಾರೆಯಾಗಲು ಹೊರಟ ಹುಡುಗನ ತಪ್ಪು ಅದಾಗಿರಲಿಲ್ಲ. ಇನ್ನೊಬ್ಬನ ಕೋಪವನ್ನು ಎರವಲು ತಂದು ಅಭಿನಯಿಸಲು ಬರುವುದಿಲ್ಲ. 1978ರಲ್ಲಿ ಯುವೆನ್ ವೂಪಿಂಗ್ ನಿರ್ದೇಶನದ ‘ಸ್ನೇಕ್ ಇನ್ ದಿ ಈಗಲ್ಸ್ ಶ್ಯಾಡೋ’ ಮತ್ತು ‘ಡ್ರಂಕನ್ ಮಾಸ್ಟರ್’ ಬಂದವು. ಅಲ್ಲಿ ಜಾಕಿ ಏಟು ತಿಂದಾಗ ನೋವಿನಿಂದ ಕೈ ಒದರುತ್ತಾರೆ, ಓಡುತ್ತಾರೆ, ನಗಿಸುತ್ತಾರೆ. ಲೀ ಮಾಡಿದ್ದಕ್ಕೆ ತಿರುಗುಮುರುಗು ಮಾಡಿಯೇ ಅವರು ಗೆದ್ದರು.

ಇನ್ನು ನೋಡುವವರಿಗೆ ಕೆಲವು ಪ್ರಾಯೋಗಿಕ ಸಂಗತಿ. ಹೆಸರಿನ ಗೊಂದಲವಿದೆ. ಅಮೆರಿಕದಲ್ಲಿ ‘ದಿ ಬಿಗ್ ಬಾಸ್’ ‘ಫಿಸ್ಟ್ಸ್ ಆಫ್ ಫ್ಯೂರಿ’ ಎಂಬ ಹೆಸರಲ್ಲಿ ಬಂತು, ನಮ್ಮ ಚಿತ್ರ ‘ದಿ ಚೈನೀಸ್ ಕನೆಕ್ಷನ್’ ಆಯಿತು. ಹಳೆಯ ಡಿವಿಡಿ ಕೊಳ್ಳುವಾಗ ಗರಡಿ, ಶಾಂಘೈ ಎಂದು ಹಿಂದೆ ಬರೆದಿದೆಯೇ ನೋಡಿಕೊಳ್ಳಿ. ಇಂಗ್ಲಿಷ್ ಡಬ್ಬಿಂಗ್ ಬೇಡ, ಮ್ಯಾಂಡರಿನ್ ಧ್ವನಿಗೆ ಸಬ್‌ಟೈಟಲ್ ಹಾಕಿಕೊಳ್ಳಿ. ಅದೂ ಸ್ಟುಡಿಯೋದಲ್ಲಿ ಆಮೇಲೆ ಸೇರಿಸಿದ ಧ್ವನಿಯೇ, ಸಂಭಾಷಣೆಯ ಕಂಠ ಲೀ ಅವರದ್ದಲ್ಲ. ಆದರೂ ಮಾತಿನ ಓಟಕ್ಕೂ ಮುಖಕ್ಕೂ ಹೊಂದಿಕೆಯಿದೆ. ಮೊದಲ ಸಲ ಪೂರ್ತಿ ನೋಡಿ. ಎರಡನೆಯ ಸಲ ಶ್ರದ್ಧಾಂಜಲಿ ಸಭೆಯಿಂದ ಡೋಜೋ ಕಾಳಗದವರೆಗಿನ ಭಾಗವನ್ನು ಮಾತ್ರ, ಸಾಧ್ಯವಾದರೆ ಧ್ವನಿ ಮುಚ್ಚಿ ನೋಡಿ. ಮೈ ಎಷ್ಟು ಹೇಳುತ್ತದೆ ಎಂಬುದು ಆಗ ಗೊತ್ತಾಗುತ್ತದೆ.

ಅದೇ ವಾರ, ನೆನಪು ಹಸಿಯಾಗಿರುವಾಗಲೇ, 1994ರ ‘ಫಿಸ್ಟ್ ಆಫ್ ಲೆಜೆಂಡ್’ ನೋಡಿ. ಗಾರ್ಡನ್ ಚಾನ್ ನಿರ್ದೇಶಿಸಿ ಜೆಟ್ ಲೀ ನಟಿಸಿದ ಇದು ಅದೇ ಚೆನ್ ಜೆನ್ ಕಥೆಯ ಮರುನಿರ್ಮಾಣ. ಸಾಹಸ ಸಂಯೋಜನೆ ಯುವೆನ್ ವೂಪಿಂಗ್ ಅವರದ್ದು. ಐದು ವರ್ಷಗಳ ಮೇಲೆ ‘ದಿ ಮೇಟ್ರಿಕ್ಸ್’ನ ಫೈಟ್‌ಗಳನ್ನು ರೂಪಿಸಿದವರೂ ಅವರೇ. ಇಲ್ಲಿ ಚೆನ್ ಓದಿದ್ದು ಜಪಾನಿನಲ್ಲಿ, ಅವನು ಪ್ರೀತಿಸುವವಳು ಜಪಾನಿ ಹುಡುಗಿ. ಫುನಾಕೋಶಿ ಎಂಬ ಜಪಾನಿ ಹಿರಿಯ ಅವನೊಂದಿಗೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಸೆಣಸಿ, ಎದುರಾಳಿಯನ್ನು ಗೌರವಿಸಿ ಹೊರಡುತ್ತಾನೆ. ಮೊದಲ ಚಿತ್ರದಲ್ಲಿ ಇಲ್ಲದ ಮನುಷ್ಯರು ಎರಡನೆಯದರಲ್ಲಿ ಬಂದು ಸೇರಿದ್ದಾರೆ. ಆ ಸಮಾಧಿಯ ಮಳೆ, ಗುಂಡಿಗೆ ಹಾರಿದವನ ಬರಿಗೈ ಎರಡನೆಯದರಲ್ಲಿ ಸಿಗುವುದಿಲ್ಲ. ಅದಕ್ಕಾಗಿಯೇ 1972ರದ್ದನ್ನು ಮೊದಲು ನೋಡಬೇಕು ಎನ್ನುತ್ತೇನೆ.